ಎರೆಹೊಲದ ಚಿಗರಿಯ ಹಳೆಯ ಕತೆ

ಹಿಂಗಾರಿ ಕಡಲೆ ಮೊಳೆತು ಎಲೆ ಬಿಡುವ ಹೊತ್ತಿಗೆ ಇಂಡಿ, ಸಿಂದಗಿ ಕಡೆ ಬೆಳಗಿನ ಬಸ್ಸಿನಲ್ಲಿ ಹೋದವರು ಕಿಟಕಿಯಿಂದಲೇ ಚಿಗರಿ ನೋಡಿರುತ್ತೀರಿ. ದೂರದ ಎರೆಹೊಲದಲ್ಲಿ ಹತ್ತು ಹದಿನೈದು ಕಂದು ಬೆನ್ನು, ನಡುವೆ ಒಂದು ಕಪ್ಪು. ಬಸ್ಸಿನಲ್ಲಿ ಕುಂತವರಿಗೆ ಅದು ಚಂದ. ಹೊಲದವನಿಗೆ ಬೀಜ, ಗೊಬ್ಬರಕ್ಕೆ ಹಾಕಿದ ರೊಕ್ಕ ನೆನಪಾಗುತ್ತದೆ. ಈ ತಕರಾರು ಎಲ್ಲಿಂದ ಬಂತು ಎಂದು ಹುಡುಕುತ್ತ ನಾವು ಬಹಳ ಹಿಂದಕ್ಕೆ ಹೋಗಬೇಕಾಯಿತು.

ಚಿಗರಿಯನ್ನು ನಾವು ಜಿಂಕೆ ಎಂದುಬಿಡುತ್ತೇವೆ. ಪುಸ್ತಕದಲ್ಲಿ ಅದು ಕೃಷ್ಣಮೃಗ. ಆದರೆ ಅದು ಜಿಂಕೆಯ ಬಳಗದ್ದಲ್ಲ. ಆಡು, ಕುರಿ, ದನಗಳ ಬಳಗದ್ದು. ಕಡವೆ, ಚುಕ್ಕೆ ಜಿಂಕೆ, ಅಮೆರಿಕದ ಎಲ್ಕ್ ಇವುಗಳ ಕೊಂಬು ಉದುರಿ ಮತ್ತೆ ಹುಟ್ಟುತ್ತದೆ. ಚಿಗರಿಯ ತಿರುಚು ಕೊಂಬು ಒಮ್ಮೆ ಬಂದರೆ ಸಾಯುವತನಕ ಅದೇ. (ಹಿಂದೆ ದಕ್ಷಿಣದ ಕಾಡುಗಳಿಗೆ ಬೇಟೆಗೆ ಬಂದ ಇಂಗ್ಲಿಷರು ನಮ್ಮ ಕಡವೆಯನ್ನೇ ಎಲ್ಕ್ ಎಂದು ಕರೆದರು. ಹೆಸರಿನ ಗೊಂದಲ ನಮಗಷ್ಟೇ ಅಲ್ಲ.)

ಚಿಗರಿಯಲ್ಲಿ ಎರಡು ಉಪಜಾತಿ. ರಾಜಸ್ಥಾನ, ಗುಜರಾತ್ ಕಡೆಯದಕ್ಕೆ ಕಣ್ಣಿನ ಸುತ್ತ ಬಿಳಿ ಬಳೆ ಅಗಲ, ಕಾಲಿನ ಕಪ್ಪು ಪಟ್ಟೆ ಗೊರಸಿನತನಕ ಇಳಿಯುವುದಿಲ್ಲ. ನಮ್ಮದು ದಕ್ಷಿಣದ್ದು: ಕಣ್ಣಿನ ಮೇಲೆ ಬಿಳಿ ಸಣ್ಣ, ಪಟ್ಟೆ ಗೊರಸಿನತನಕ. ಎರಡರಲ್ಲೂ ಗಂಡು ಬೆಳೆದಂತೆ ಕಪ್ಪಾಗುತ್ತದೆ, ಹೆಣ್ಣು ಕಂದಾಗಿಯೇ ಉಳಿಯುತ್ತದೆ. ಗಂಡು ಬಯಲಿನಲ್ಲಿ ಒಂದು ಜಾಗ ಹಿಡಿದು, ಒಂದೇ ಕಡೆ ಹಿಕ್ಕೆ ಹಾಕಿ ಗುಡ್ಡೆ ಮಾಡಿ, ಬೇರೆ ಗಂಡಿಗೆ ಇದು ನನ್ನ ಗಡಿ ಎಂದು ತೋರಿಸುತ್ತದೆ. ಹೆಣ್ಣು ಸುಮಾರು ಆರು ತಿಂಗಳು ಹೊತ್ತು ಒಂದೇ ಮರಿ ಹಾಕುತ್ತದೆ. ಮೊದಮೊದಲು ಮರಿಯನ್ನು ಹುಲ್ಲಿನಲ್ಲಿ ಬಚ್ಚಿಡುತ್ತದೆ. ಇದಕ್ಕೆಲ್ಲ ದಟ್ಟ ಕಾಡು ಬೇಡ. ಕಣ್ಣಿಗೆ ಅಡ್ಡಿಯಿಲ್ಲದ ಬಯಲು, ಮೊಳಕಾಲುದ್ದ ಹುಲ್ಲು, ಬೇಸಿಗೆಯಲ್ಲಿ ಕುಡಿಯಲು ನೀರು ಇದ್ದರೆ ಸಾಕು.

ಬಯಲಲ್ಲಿ ಬದುಕುವುದರಿಂದಲೇ ಅದು ಬೇಟೆಗಾರನ ಕಣ್ಣಿಗೂ ಬಿತ್ತು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೇ ಶತಮಾನದಲ್ಲಿ ಬರೆಸಿದ ‘ಮಾನಸೋಲ್ಲಾಸ’ದಲ್ಲಿ ಚೀತಾ ಬಿಟ್ಟು ಬೇಟೆಯಾಡುವ ಮಾತು ಇದೆ. 20ನೇ ಶತಮಾನದಲ್ಲೂ ಕೊಲ್ಹಾಪುರದ ಅರಸರು ಪಳಗಿಸಿದ ಚೀತಾಗಳನ್ನು ಗಾಡಿಯಲ್ಲಿ ಒಯ್ದು ಚಿಗರಿ ಹಿಂಡಿನ ಮೇಲೆ ಬಿಡುತ್ತಿದ್ದರು. ಗಂಟೆಗೆ 80 ಕಿಲೋಮೀಟರ್ ಓಡುವ ಚಿಗರಿಯನ್ನೂ ಚೀತಾ ಓಡಿ ಹಿಡಿಯಬಲ್ಲದು. 1952ರಲ್ಲಿ ನಮ್ಮ ದೇಶದಲ್ಲಿ ಚೀತಾ ಅಳಿಯಿತೆಂದು ಸಾರಿದರು. ಓಡಿಸುವ ಪ್ರಾಣಿ ಹೋಯಿತು, ಜೀಪು ಬಂದೂಕು ಬಂದವು. 1947ರಲ್ಲಿ ದೇಶದಲ್ಲಿ ಸುಮಾರು 80,000 ಇದ್ದ ಚಿಗರಿ 1964ರ ಹೊತ್ತಿಗೆ 8,000ಕ್ಕೆ ಇಳಿಯಿತೆಂಬ ಅಂದಾಜು ಇದೆ.

ಆಮೇಲೆ 1972ರ ವನ್ಯಜೀವಿ ಕಾಯ್ದೆ ಚಿಗರಿಯನ್ನು ಮೊದಲ ಅನುಸೂಚಿಗೆ ಸೇರಿಸಿತು. ಇವತ್ತು ಕೊಂದರೆ 3ರಿಂದ 7 ವರ್ಷ ಜೈಲು. 1974ರಲ್ಲಿ ರಾಣೆಬೆನ್ನೂರಿನಲ್ಲಿ ಅದಕ್ಕಾಗಿಯೇ ಅಭಯಾರಣ್ಯ ಆಯಿತು. ಭೀಮಾ ದಾಟಿದರೆ ಸೊಲ್ಲಾಪುರದ ನಾನ್ನಜ್‌ನಲ್ಲಿ ಎರೆಭೂತ ಹಕ್ಕಿಗೆಂದು ಕಾಪಾಡಿದ ಹುಲ್ಲುಗಾವಲಿನಲ್ಲೂ ಚಿಗರಿಗೆ ಜಾಗ ಸಿಕ್ಕಿತು. ನಮ್ಮ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯಲ್ಲಿ ಅಂಥದ್ದು ಒಂದೂ ಇಲ್ಲ. ಇಲ್ಲಿ ಚಿಗರಿಯನ್ನು ಸಾಕಿದ್ದು ಗಾಯರಾಣ, ಬೀಳು ಹೊಲ, ಡೋಣಿ ದಂಡೆಯ ಹುಲ್ಲು. ಲೆಕ್ಕ ಬರೆದರೆ ಖರ್ಚು ಹಾಕಬೇಕಾದ್ದು ರೈತನ ಹೆಸರಿಗೆ.

ನಾರಾಯಣಪುರ, ಆಲಮಟ್ಟಿಯ ನೀರು ಕಾಲುವೆಗೆ ಬಂದ ಮೇಲೆ ಬೀಳು ಉಳಿಯಲಿಲ್ಲ. ಜೋಳ ಇದ್ದಲ್ಲಿ ಕಬ್ಬು, ಇಂಡಿ ಕಡೆ ನಿಂಬೆ, ದ್ರಾಕ್ಷಿ. ನೀರು ಬೇಡವೆಂದು ನಾವು ಹೇಳುತ್ತಿಲ್ಲ. ನಮ್ಮ ಮನೆಯವರೂ ಆ ನೀರಿಗಾಗಿ ವರ್ಷಗಟ್ಟಲೆ ಕಾದವರೇ. ಆದರೆ ಕಬ್ಬಿನ ಪಡದಲ್ಲಿ ಚಿಗರಿಗೆ ದೂರ ಕಾಣುವುದಿಲ್ಲ, ಬೇಲಿ ಹಾಕಿದ ದ್ರಾಕ್ಷಿ ತೋಟದಲ್ಲಿ ಕಾಲಿಡಲು ಆಗುವುದಿಲ್ಲ. ಉಳಿದ ಒಣಬೇಸಾಯದ ಹೊಲಕ್ಕೇ ಇಡೀ ಹಿಂಡು ಬರುತ್ತದೆ. ಅಂದರೆ ನೀರೂ ಸಿಗದ ರೈತನ ಕಡಲೆಗೇ ಬಾಯಿ. ಹಾನಿಯ ಪರಿಹಾರ ಕೊಡುವಾಗ ಇದನ್ನು ಮೊದಲು ನೋಡಬೇಕು ಎಂಬುದು ನಮ್ಮ ಅಭಿಪ್ರಾಯ.

ಹುಬ್ಬಳ್ಳಿ-ಧಾರವಾಡದ ನಡುವೆ ಓಡುವ ಬಸ್ಸಿಗೂ ಈಗ ಚಿಗರಿ ಎಂದೇ ಹೆಸರು. ಇತ್ತ ಹೊಲದ ಬದುವಿಗೆ ಗೂಟ ನೆಟ್ಟು, ಮನೆಯ ಹೆಣ್ಣುಮಕ್ಕಳ ಹಳೆ ಸೀರೆಗಳನ್ನು ಸುತ್ತ ಕಟ್ಟುತ್ತಾರೆ. ಗಾಳಿಗೆ ಸೀರೆ ಅಲುಗಿದಾಗ ಚಿಗರಿ ಒಂದೆರಡು ದಿನ ಬೆದರುತ್ತದೆ. ಮೂರನೆಯ ದಿನ ಜಿಗಿದು ಒಳಗೆ ಬರುತ್ತದೆ.