ಗಟ್ಟಿಯಾದದ್ದೆಲ್ಲ ಕ್ಯಾನ್ಸರ್ ಅಲ್ಲ

ಒತ್ತಿ ನೋಡುವುದು ವೈದ್ಯರ ಅತಿ ಹಳೆಯ ಪರೀಕ್ಷೆ. ಸ್ತನದಲ್ಲೋ ಕುತ್ತಿಗೆಯಲ್ಲೋ ಗಂಟು ಕಲ್ಲಿನಂತೆ ಸಿಕ್ಕರೆ ಅವರ ಬೆರಳು ಎಚ್ಚೆತ್ತುಕೊಳ್ಳುತ್ತದೆ. ಆದರೆ ಮೇದೋಜೀರಕ ಗ್ರಂಥಿ ಕೈಗೆ ಸಿಗುವ ಅಂಗವಲ್ಲ. ಜಠರದ ಹಿಂದೆ, ಬೆನ್ನುಮೂಳೆಯ ಮುಂದೆ ಅಡಗಿ ಕುಳಿತಿದೆ. ಅಲ್ಲಿನ ಕ್ಯಾನ್ಸರ್ ಪತ್ತೆಯಾಗುವ ಹೊತ್ತಿಗೆ ಬಹಳಷ್ಟು ರೋಗಿಗಳಲ್ಲಿ ಶಸ್ತ್ರಚಿಕಿತ್ಸೆಯ ಕಾಲ ಮೀರಿರುತ್ತದೆ.

ಎಂಡೋಸ್ಕೋಪಿನ ತುದಿಗೆ ಪುಟ್ಟ ಅಲ್ಟ್ರಾಸೌಂಡ್ ಸಾಧನ ಕೂರಿಸಿದ ಮೇಲೆ ಜಠರದ ಒಳಗಿನಿಂದಲೇ ಈ ಗ್ರಂಥಿಯನ್ನು ಹತ್ತಿರದಿಂದ ನೋಡುವಂತಾಯಿತು. 1990ರ ದಶಕದಲ್ಲಿ ಅದೇ ದಾರಿಯಲ್ಲಿ ಸೂಜಿ ಹಾಯಿಸಿ ಜೀವಕೋಶಗಳನ್ನು ತೆಗೆಯುವುದೂ ರೂಢಿಗೆ ಬಂತು. ಆದರೂ ಸೂಜಿಗೆ ಕೆಲವೊಮ್ಮೆ ಬರೀ ನಾರು, ರಕ್ತ ಸಿಗುತ್ತದೆ. ‘ಕ್ಯಾನ್ಸರ್ ಕಾಣಲಿಲ್ಲ’ ಎಂಬ ವರದಿಗೆ ‘ಕ್ಯಾನ್ಸರ್ ಇಲ್ಲ’ ಎಂಬ ಅರ್ಥವಿಲ್ಲ. ಗಡಸುತನ ಅಳೆಯುವ ಆಸೆ ಹುಟ್ಟಿದ್ದು ಈ ಸಂದಿಗ್ಧದಲ್ಲಿ.

ಉಪಾಯ ಆಗಲೇ ಸಿದ್ಧವಿತ್ತು. 1991ರಲ್ಲಿ ಹ್ಯೂಸ್ಟನ್‌ನ ಜೋನಾಥನ್ ಓಫಿರ್ ಮತ್ತು ಸಂಗಡಿಗರು ‘ಎಲಾಸ್ಟೋಗ್ರಫಿ’ಯನ್ನು ಮುಂದಿಟ್ಟಿದ್ದರು. ಅಂಗಾಂಶವನ್ನು ತುಸು ಒತ್ತಿ, ಒತ್ತುವ ಮೊದಲಿನ ಮತ್ತು ನಂತರದ ಪ್ರತಿಧ್ವನಿಗಳನ್ನು ಹೋಲಿಸಿದರೆ ಮೆತ್ತಗಿನ ಭಾಗ ಹೆಚ್ಚು ಕುಗ್ಗಿರುತ್ತದೆ, ಗಟ್ಟಿ ಭಾಗ ಕಡಿಮೆ. ಯಂತ್ರ ಆ ವ್ಯತ್ಯಾಸಕ್ಕೆ ಬಣ್ಣ ಹಚ್ಚುತ್ತದೆ. ಮೇದೋಜೀರಕದಲ್ಲಿ ಒತ್ತುವ ಕೆಲಸವನ್ನು ಬಹುಮಟ್ಟಿಗೆ ಪಕ್ಕದ ಮಹಾಪಧಮನಿಯ ಮಿಡಿತವೇ ಮಾಡಿಕೊಡುತ್ತದೆ. ರೋಗಿಯ ಹೃದಯವೇ ಪರೀಕ್ಷೆಗೆ ಕೈಜೋಡಿಸುವ ಈ ಏರ್ಪಾಡು ನನಗೆ ಇಂದಿಗೂ ಬೆರಗು.

2006ರಲ್ಲಿ ಫ್ರಾನ್ಸಿನ ಮಾರ್ಸೇ ನಗರದ ಮಾರ್ಕ್ ಜಿಯೊವಾನಿನಿ ತಂಡ 49 ರೋಗಿಗಳ ಅನುಭವವನ್ನು ಪ್ರಕಟಿಸಿತು. ಆ ತಂಡದ ಯಂತ್ರದಲ್ಲಿ ನೀಲಿ ಎಂದರೆ ಗಟ್ಟಿ, ಕೆಂಪು ಎಂದರೆ ಮೆತ್ತಗೆ, ಹಸಿರು ನಡುವಿನದು. ಇದು ಸೂಜಿಯಿಲ್ಲದ ಬಯಾಪ್ಸಿಯತ್ತ ಮೊದಲ ಹೆಜ್ಜೆಯೇ ಎಂಬ ಪ್ರಶ್ನೆ ಲೇಖನದ ಶೀರ್ಷಿಕೆಯಲ್ಲೇ ಇತ್ತು. ಭರವಸೆ ದೊಡ್ಡದಾಗಿತ್ತು; ಮುಂದಿನ ವರ್ಷಗಳೆಲ್ಲ ಅದನ್ನು ಒರೆಗೆ ಹಚ್ಚುವುದರಲ್ಲೇ ಕಳೆದವು.

ತೊಡಕು ಬೇಗನೆ ಕಾಣಿಸಿತು. ದೀರ್ಘಕಾಲದ ಉರಿಯೂತದಿಂದ ನಾರುಗಟ್ಟಿದ ಗ್ರಂಥಿಯೂ ಕ್ಯಾನ್ಸರ್ ಗಡ್ಡೆಯಂತೆಯೇ ನೀಲಿಯಾಗುತ್ತಿತ್ತು. ಕಾರಣ ಜೀವಶಾಸ್ತ್ರದಲ್ಲಿದೆ. ಈ ಕ್ಯಾನ್ಸರ್‌ನ ಗಡಸುತನ ಬರುವುದು ಕ್ಯಾನ್ಸರ್ ಕೋಶಗಳಿಂದಷ್ಟೇ ಅಲ್ಲ, ಸುತ್ತ ಹೆಣೆದುಕೊಳ್ಳುವ ದಟ್ಟ ನಾರಿನಿಂದ. ಆ ನಾರನ್ನು ಹೆಣೆಯುವ ನಕ್ಷತ್ರಾಕಾರದ ಕೋಶಗಳನ್ನು 1998ರಲ್ಲಿ ಬೇರ್ಪಡಿಸಿ ಗುರುತಿಸಲಾಯಿತು. ಉರಿಯೂತದಲ್ಲೂ ಅವೇ ಕೆಲಸಕ್ಕಿಳಿಯುತ್ತವೆ. ಹೆಣೆಯುವ ಕೈ ಒಂದೇ ಆದಾಗ ಬಟ್ಟೆ ಮುಟ್ಟಿ ಬೇರೆ ಎನ್ನುವುದು ಹೇಗೆ? ಕೇರಳದಿಂದ ಹೆಚ್ಚಾಗಿ ವರದಿಯಾದ, ಗ್ರಂಥಿಯೊಳಗೆ ಕಲ್ಲುಗಟ್ಟುವ ಉಷ್ಣವಲಯದ ಉರಿಯೂತವನ್ನು ಬಲ್ಲ ನಮ್ಮ ವೈದ್ಯರಿಗೆ ಇದು ಪುಸ್ತಕದ ಪ್ರಶ್ನೆಯಲ್ಲ. ಸಾಲದ್ದಕ್ಕೆ ವಯಸ್ಸಾದಂತೆ ಆರೋಗ್ಯವಂತರ ಗ್ರಂಥಿಯೂ ಗಡಸಾಗುತ್ತದೆ.

ಕಣ್ಣಿನ ಅಂದಾಜಿನ ಬದಲು ಅಂಕಿ ಇರಲಿ ಎಂದು ಸಂಶೋಧಕರು ಹೊರಟರು. ರೊಮೇನಿಯಾದ ಕ್ರಾಯೋವಾದಲ್ಲಿ ಆಡ್ರಿಯನ್ ಸಾಫ್ಟೊಯು ತಂಡ ಬಣ್ಣಗಳನ್ನು ಎಣಿಸಿ ಕಂಪ್ಯೂಟರಿನ ನ್ಯೂರಲ್ ನೆಟ್‌ವರ್ಕ್‌ಗೆ ಉಣಿಸಿತು. ಸ್ಪೇನಿನ ಸಾಂಟಿಯಾಗೊದ ಹುಲಿಯೊ ಇಗ್ಲೇಸಿಯಸ್-ಗಾರ್ಸಿಯಾ ತಂಡ ಗಡ್ಡೆ ಕುಗ್ಗುವ ಪ್ರಮಾಣವನ್ನು ಪಕ್ಕದ ಮೆತ್ತಗಿನ ಜಾಗದ ಜೊತೆ ಹೋಲಿಸುವ ಅನುಪಾತವನ್ನು 2010ರಲ್ಲಿ 86 ರೋಗಿಗಳಲ್ಲಿ ಪರೀಕ್ಷಿಸಿ, ಬಹಳ ಒಳ್ಳೆಯ ಫಲಿತಾಂಶ ವರದಿ ಮಾಡಿತು. ಆದರೆ ಹೋಲಿಕೆಗೆ ಯಾವ ಜಾಗ ಆರಿಸಬೇಕೆಂಬುದು ವೈದ್ಯರ ಕೈಯಲ್ಲೇ ಉಳಿಯಿತು. ಜಾಗ ಬದಲಾದರೆ ಅಂಕಿಯೂ ಬದಲಾಗುತ್ತದೆ. 13 ಅಧ್ಯಯನಗಳ 1,044 ರೋಗಿಗಳನ್ನು ಒಟ್ಟುಗೂಡಿಸಿದ 2013ರ ವಿಶ್ಲೇಷಣೆಯಲ್ಲಿ ಕ್ಯಾನ್ಸರ್ ಇದ್ದವರಲ್ಲಿ ಶೇ. 95ರಷ್ಟು ಮಂದಿಯನ್ನು ಈ ವಿಧಾನ ಹಿಡಿಯಿತು. ಇಲ್ಲದವರನ್ನು ಸರಿಯಾಗಿ ಬಿಟ್ಟದ್ದು ಶೇ. 67ರಷ್ಟು ಮಾತ್ರ. ಅಲೆಯ ವೇಗದಿಂದ ಗಡಸುತನ ಅಳೆಯುವ ಹೊಸ ವಿಧಾನವೂ ಬಂದಿದೆ, ಈ ಗ್ರಂಥಿಯಲ್ಲಿ ಅದಿನ್ನೂ ಎಳೆಯದು.

ನನ್ನ ಮಟ್ಟಿಗೆ ಈ ಕ್ಷೇತ್ರದ ಅತಿ ಉಪಯುಕ್ತ ಉತ್ತರ ಬಂದದ್ದು 2018ರಲ್ಲಿ. ಹಲವು ಆಸ್ಪತ್ರೆಗಳು ಸೇರಿ 15 ಮಿ.ಮೀ. ಮೀರದ ಗಡ್ಡೆಗಳಿದ್ದ 218 ರೋಗಿಗಳನ್ನು ಪರಿಶೀಲಿಸಿದವು. ಗಟ್ಟಿ ಎಂದು ಕಂಡವುಗಳಲ್ಲಿ ಅರ್ಧಕ್ಕಿಂತ ಕಡಿಮೆ ಮಾತ್ರ ನಾಳದ ಕ್ಯಾನ್ಸರ್ ಆಗಿದ್ದವು. ಮೆತ್ತಗಿದ್ದವು ಮಾತ್ರ ಶೇ. 98ರಷ್ಟು ಆ ಕ್ಯಾನ್ಸರ್ ಆಗಿರಲಿಲ್ಲ. ಅಂದರೆ ಈ ಪರೀಕ್ಷೆಯ ಮಾತಿಗೆ ಹೆಚ್ಚು ತೂಕವಿರುವುದು ಅದು ‘ಅಲ್ಲ’ ಎಂದಾಗ. ಸೂಜಿಯ ವರದಿ ಅಸ್ಪಷ್ಟವಾಗಿದ್ದು ಗಡ್ಡೆ ಗಟ್ಟಿಯಾಗಿಯೇ ಕಂಡರೆ, ಮತ್ತೊಮ್ಮೆ ಸೂಜಿ ಹಾಕಲು ಅದು ಕಾರಣ ಕೊಡುತ್ತದೆ. ಬಯಾಪ್ಸಿಯ ಜಾಗದಲ್ಲಿ ಕೂರುವ ಶಕ್ತಿ ಅದಕ್ಕಿಲ್ಲ.

ಯಾವ ಬಣ್ಣ ಗಟ್ಟಿ ಎಂಬುದು ಯಂತ್ರದಿಂದ ಯಂತ್ರಕ್ಕೆ ಬದಲಾಗಬಹುದು. ನಿಮ್ಮ ಮನೆಯವರ ವರದಿಯಲ್ಲಿ ಇಂಥ ಚಿತ್ರವಿದ್ದರೆ ಬಣ್ಣ ನೋಡಿ ಎದೆಗುಂದಬೇಡಿ. ಜೀವಕೋಶದ ಪರೀಕ್ಷೆ ಏನು ಹೇಳಿತೆಂದು ವೈದ್ಯರನ್ನು ಕೇಳಿ.