ದೊಡ್ಡ ರಜೆಯ ಗೇರುಬೀಜದ ದುಡ್ಡು

ಕಾಸರಗೋಡಿನ ನಮಗೆ ದೊಡ್ಡ ರಜೆಯೆಂದರೆ ಗೇರುಬೀಜ ಹೆಕ್ಕುವ ಕಾಲ. 16ನೆಯ ಶತಮಾನದಲ್ಲಿ ಪೋರ್ಚುಗೀಸರು ಬ್ರೆಜಿಲಿನಿಂದ ತಂದ ಈ ಮರ ನಮ್ಮ ಮುರಕಲ್ಲಿನ ಗುಡ್ಡೆಗಳಿಗೆ ಚೆನ್ನಾಗಿ ಒಗ್ಗಿಕೊಂಡಿತು. ಏಪ್ರಿಲ್, ಮೇ ತಿಂಗಳಲ್ಲಿ ಮಕ್ಕಳು ದೋಟಿ ಹಿಡಿದು ಗುಡ್ಡೆ ಹತ್ತುತ್ತಿದ್ದರು. ಹಣ್ಣಿನಿಂದ ಬೀಜ ತಿರುಚಿ ತೆಗೆದು, ಬಿಸಿಲಿಗೆ ಒಣಗಿಸಿ ಅಂಗಡಿಗೆ ಕೊಟ್ಟರೆ ಜೂನ್ ತಿಂಗಳ ಪುಸ್ತಕ, ಕೊಡೆಗೆ ದುಡ್ಡಾಗುತ್ತಿತ್ತು. (ಹಸಿಬೀಜ ಕಚ್ಚಿ ತುಟಿ ಸುಟ್ಟುಕೊಂಡ ಕಥೆ ಕೇಳಬೇಕಾದರೆ ಮನೆಯ ಅಜ್ಜಿಯರನ್ನು ಕೇಳಿ, ಯುವ ಮಿತ್ರರೇ.) ದೊಡ್ಡವರಿಗೆ ಸರಕಾರಿ ಗೇರುತೋಟಗಳಲ್ಲಿ ಹಂಗಾಮಿನ ಕೂಲಿ ಸಿಗುತ್ತಿತ್ತು.

ಅದೇ ತೋಟಗಳಿಗೆ 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಿದರು, ಚಿಗುರು ಹೂಗಳ ರಸ ಹೀರುವ ಟೀ ಸೊಳ್ಳೆಯನ್ನು ಕೊಲ್ಲಲು. ಮದ್ದು ಮರಕ್ಕೆ ಮಾತ್ರ ಬೀಳಲಿಲ್ಲ. ತಗ್ಗಿನ ತೋಡಿಗೆ, ಸುರಂಗದ ನೀರಿಗೆ, ಮನೆಯಂಗಳಕ್ಕೂ ಇಳಿಯಿತು. ಎಣ್ಮಕಜೆಯ ಪಡ್ರೆಯಲ್ಲಿ ಕಾಯಿಲೆಗಳು ಹೆಚ್ಚಿದ್ದನ್ನು ಡಾ. ಮೋಹನ ಕುಮಾರ್ ಗಮನಿಸಿದರು. ಪತ್ರಕರ್ತ ಶ್ರೀಪಡ್ರೆ ಬರೆದು ಹೊರಲೋಕಕ್ಕೆ ತಿಳಿಸಿದರು.

2011ರಲ್ಲಿ ಸುಪ್ರೀಂ ಕೋರ್ಟು ದೇಶವಿಡೀ ಆ ಮದ್ದನ್ನು ತಡೆಯಿತು. ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಬೇಕೆಂದು 2017ರಲ್ಲಿ ಕೇರಳ ಸರಕಾರಕ್ಕೆ ಆದೇಶಿಸಿತು. 2022ರಲ್ಲಿ ವಿಚಾರಿಸಿದಾಗ 3,704 ಮಂದಿಯಲ್ಲಿ ಹಣ ಕೈಸೇರಿದ್ದು 8 ಜನರಿಗೆ.