ಕೆಲಸವಿಲ್ಲದ ದಿನದ ಕೂಲಿ

ಆಳಂದದ ಕಡೆಯಿಂದ ಹರಿದುಬರುವ ಅಮರ್ಜಾ ನದಿಯು ಅಫಜಲಪುರ ತಾಲ್ಲೂಕಿನ ಗಾಣಗಾಪುರದ ಬಳಿ ಭೀಮೆಯನ್ನು ಕೂಡುವುದು. ಭೀಮೆಯು ಮುಂದೆ ಜೇವರ್ಗಿಯ ಸೀಮೆಯನ್ನು ಮುಟ್ಟುವುದು. ನದಿಗಳಿದ್ದರೂ ಈ ಮೂರು ತಾಲ್ಲೂಕುಗಳ ಹೊಲಗಳು ಬಹುಮಟ್ಟಿಗೆ ಮಳೆಯನ್ನೇ ನೆಚ್ಚಿದವು. ತೊಗರಿಯ ರಾಶಿಯೂ ಜೋಳದ ಸುಗ್ಗಿಯೂ ಮುಗಿದ ಮೇಲೆ ಕೂಲಿಯವನಿಗೆ ಕೆಲಸವು ದುರ್ಲಭ; ಸಂಸಾರ ಸಮೇತ ಮುಂಬಯಿ, ಪುಣೆ, ಹೈದರಾಬಾದುಗಳ ದಾರಿ ಹಿಡಿಯುವವರೂ ಉಂಟು. ಇಂತಹವನಿಗೆ ಸರ್ಕಾರವು ಸಲ್ಲಿಸಬೇಕಾದ ಋಣವೇನಾದರೂ ಉಂಟೆ? ಈ ಪ್ರಶ್ನೆಯ ಚರಿತ್ರೆಯನ್ನು ನಾವಿಂದು ಸ್ವಲ್ಪ ವಿಚಾರಿಸೋಣ.

ಬೆಲ್ಜಿಯಮ್ ದೇಶದ ಗೆಂಟ್ ನಗರವು 1901ರಲ್ಲಿ, ಕಾರ್ಮಿಕ ಸಂಘಗಳು ತಾವೇ ಕೂಡಿಸಿದ್ದ ನಿರುದ್ಯೋಗ ನಿಧಿಗಳಿಗೆ ನಗರಸಭೆಯ ಹಣವನ್ನೂ ಸೇರಿಸತೊಡಗಿತು. ಇಂಗ್ಲೆಂಡು 1911ರಲ್ಲಿ ಕಾನೂನನ್ನೇ ಮಾಡಿತು: ಕೆಲಸಗಾರನೂ ಧಣಿಯೂ ವಾರಕ್ಕೆ ಎರಡೂವರೆ ಪೆನ್ನಿಯಂತೆ ವಂತಿಗೆ ಕಟ್ಟುವುದು, ಸರ್ಕಾರವು ತನ್ನ ಪಾಲನ್ನು ಕೂಡಿಸುವುದು, ಕೆಲಸ ತಪ್ಪಿದಾಗ ವಾರಕ್ಕೆ 7 ಷಿಲಿಂಗು. ಆದರೆ ಹಡಗು ಕಟ್ಟುವವನಿಗೆ ದೊರೆತುದು ಹೊಲದ ಆಳಿಗೆ ದೊರೆಯಲಿಲ್ಲ. ಅವನು 1936ರವರೆಗೆ ಕಾಯಬೇಕಾಯಿತು. ಆ ದೇಶದ ಚರಿತ್ರೆಯನ್ನು ಬೋಧಿಸುವ ನಾವು ಈ ಸಂಗತಿಯನ್ನು ಎಷ್ಟೋ ಸಲ ಹೇಳದೆ ದಾಟಿಬಿಡುತ್ತೇವೆ.

ಧಣಿಯೇ ದಿನಕ್ಕೊಬ್ಬನಾಗಿರುವ ನಮ್ಮ ಹೊಲಗಳಲ್ಲಿ ವಂತಿಗೆ ಕಟ್ಟುವವರಾರು? ಈ ಸೀಮೆಯು ನಿಜಾಮರ ಆಳ್ವಿಕೆಯಲ್ಲಿದ್ದಾಗ, 1876-78ರ ಕ್ಷಾಮದಲ್ಲಿ, ನೆರೆಯ ಮುಂಬಯಿ, ಮದರಾಸು ಪ್ರಾಂತಗಳ ಪರಿಹಾರ ಕಾಮಗಾರಿಗಳ ಕೂಲಿಯನ್ನು ಸರ್ ರಿಚರ್ಡ್ ಟೆಂಪಲ್ಲರು 1 ಪೌಂಡು ಧಾನ್ಯದ ಬೆಲೆಗೂ ಮೇಲಿಷ್ಟು ಚಿಲ್ಲರೆ ಕಾಸಿಗೂ ಇಳಿಸಲು ಹೇಳಿದರು. ಅದು ಭಿಕ್ಷೆ, ಹಕ್ಕಲ್ಲ. ಹಕ್ಕೆಂಬ ಮಾತು ಬಂದುದು ಮಹಾರಾಷ್ಟ್ರದಲ್ಲಿ, 1972-73ರ ಬರಗಾಲದ ಬಳಿಕ, 1977ರ ಉದ್ಯೋಗ ಖಾತರಿ ಕಾನೂನಿನಿಂದ. ಆಳಂದ, ಅಫಜಲಪುರಗಳು ಆ ರಾಜ್ಯದ ಗಡಿಗೆ ತಾಗಿಯೇ ಇವೆ. ಆದರೂ 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿದ್ದ ಇಲ್ಲಿಯವರು, ಗಡಿಯಾಚೆಯವರಿಗೆ ದೊರೆತ ಹಕ್ಕಿಗಾಗಿ ಸುಮಾರು 30 ವರ್ಷ ಕಾದರು.

2005ರ ಕೇಂದ್ರ ಕಾನೂನು 2006ರ ಫೆಬ್ರವರಿಯಲ್ಲಿ ಮೊದಲು ಜಾರಿಗೆ ಬಂದ ಜಿಲ್ಲೆಗಳಲ್ಲಿ ಗುಲ್ಬರ್ಗವೂ, ಎಂದರೆ ಇಂದಿನ ಕಲಬುರಗಿಯೂ, ಒಂದು. ಆ ಕಾನೂನು ಮನೆಯೊಂದಕ್ಕೆ ವರ್ಷಕ್ಕೆ 100 ದಿನಗಳ ಕೆಲಸವನ್ನು ಗೊತ್ತುಮಾಡಿತ್ತು. ಕೇಳಿದ 15 ದಿನಗಳೊಳಗೆ ಕೊಡದಿದ್ದರೆ ನಿರುದ್ಯೋಗ ಭತ್ಯೆ, ಮೊದಲ 30 ದಿನ ಕೂಲಿಯ ಕಾಲುಪಾಲಿಗೂ ಬಳಿಕ ಅರ್ಧಕ್ಕೂ ಕಡಿಮೆಯಿಲ್ಲದಂತೆ. ಕೆಲಸ ಕೊಟ್ಟರೆ ಕೂಲಿಯು ಕೇಂದ್ರದ್ದು, ಕೊಡದಿದ್ದರೆ ಭತ್ಯೆಯು ರಾಜ್ಯದ್ದು ಎಂದು ಗೊತ್ತುಮಾಡಿದುದರಲ್ಲಿ ಜಾಣ್ಮೆಯಿತ್ತು. ತೊಡಕೂ ಅಲ್ಲಿಯೇ ಇತ್ತು. ಗೆಂಟಿನ ಕೆಲಸಗಾರನ ಲೆಕ್ಕವು ಅವನ ಸಂಘದಲ್ಲಿತ್ತು. ಇಲ್ಲಿ ಅರ್ಜಿಯ ತಾರೀಖು ಬರೆದ ರಸೀದಿಯನ್ನು ಪಂಚಾಯತಿಯೇ ಕೊಡಬೇಕು. ಅದಿಲ್ಲದೆ 15 ದಿನಗಳನ್ನು ಎಣಿಸುವುದೆಲ್ಲಿಂದ? ದೇಶದಲ್ಲೆಲ್ಲ ಈ ಭತ್ಯೆಯು ಕೂಲಿಯವನ ಕೈಗೆ ಸಂದ ಪ್ರಸಂಗಗಳು ಬಹು ವಿರಳ.